ರೋಮನ್ನರ ಕಂಬದ ದಪ್ಪ

ಅದು ೧೯೫೪ನೆಯ ಇಸವಿ. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾನು ಲಕ್ಷ್ಮೇಶ್ವರದಲ್ಲಿ ಹೊಸ ಓವರ್‌ಸಿಯರ್. ಅಡರಕಟ್ಟಿ ಹಾದಿಯ ಹಳ್ಳಕ್ಕೆ ಮೂರು ಕಮಾನುಗಳ ಕಲ್ಲಿನ ಸೇತುವೆ ಕಟ್ಟಿಸುವುದು ನನ್ನ ಮೊದಲ ಕೆಲಸ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೆಯೇ, ಕಾಲೇಜಿನ ಪುಸ್ತಕ ಬಗಲಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ.

ಕಮಾನು ಕಟ್ಟುವಾಗ ಕಲ್ಲುಗಳನ್ನು ಹೊರಲು ಕೆಳಗೆ ಕಟ್ಟಿಗೆಯ ಸೆಂಟ್ರಿಂಗ್ ಕೊಡುತ್ತಾರೆ. ನಡುಗಲ್ಲು ಕೂತ ಮೇಲೆ ಅದರ ಬೆಣೆ ಬಡಿದು ತೆಗೆದರೆ ಕಮಾನು ತಾನೇ ನಿಲ್ಲುತ್ತದೆ. ಆದರೆ ಎರಡೂ ಕಡೆಯ ಕಂಬಗಳನ್ನು ಹೊರಕ್ಕೆ ಒದೆಯುತ್ತದೆ. ಮೊದಲ ಕಮಾನು ಮುಗಿದಿತ್ತು, ಎರಡನೆಯದು ಅರ್ಧವಾಗಿತ್ತು, ಮೂರನೆಯದಕ್ಕೆ ಕಟ್ಟಿಗೆ ಇರಲಿಲ್ಲ. ಮಳೆ ಹತ್ತಿರ ಬಂದಿತ್ತು. ಮೊದಲನೆಯದರ ಸೆಂಟ್ರಿಂಗ್ ಬಿಚ್ಚಿ ಮೂರನೆಯದಕ್ಕೆ ಹಾಕಿರಿ ಎಂದೆ.

ಕಲ್ಲು ಕಟ್ಟುವ ಹಿರಿಯ ಗೌಂಡಿ ಫಕ್ಕೀರಪ್ಪ ಒಪ್ಪಲಿಲ್ಲ. ಎಲ್ಲ ಕಮಾನುಗಳ ಬೆಣೆ ಒಂದೇ ದಿನ ಬಡಿಯಬೇಕು, ಆಗ ಕಂಬದ ಎರಡೂ ಕಡೆಯ ಒದೆತ ಸಮವಾಗುತ್ತದೆ ಎಂಬುದು ಅವರ ಮನೆತನದ ರೂಢಿ. ನಾನು ಪುಸ್ತಕದ ಚಿತ್ರ ತೋರಿಸಿದೆ. ರೋಮನ್ನರು ಒಂದೊಂದೇ ಕಮಾನು ಮುಗಿಸಿ ಅದೇ ಕಟ್ಟಿಗೆಯನ್ನು ಮುಂದಕ್ಕೆ ಒಯ್ಯುತ್ತಿದ್ದರು, ಎರಡು ಸಾವಿರ ವರ್ಷವಾದರೂ ಅವರ ಸೇತುವೆಗಳ ಮೇಲೆ ಜನ ನಡೆಯುತ್ತಾರೆ ಎಂದು ಭಾಷಣ ಬಿಗಿದೆ.

"ಅವರ ಕಂಬ ಎಷ್ಟ ದಪ್ಪ ಇದ್ದುವೋ ಏನೋ, ಸಾಹೇಬ್ರ. ನಮ್ಮವು ಸಣಕಲ ಅದಾವ್ರಿ."

ನಾನು ನಕ್ಕುಬಿಟ್ಟೆ. ಗೌಂಡಿ ನನಗೆ ಪಾಠ ಹೇಳುವುದೇ ಎಂಬ ಸೊಕ್ಕು.

ಬೆಣೆ ಬಡಿಯಲು ಫಕ್ಕೀರಪ್ಪನ ತಮ್ಮ ಬಸಪ್ಪ ಇಳಿದ. ಕೊನೆಯ ಬೆಣೆ ಹಾರಿದ್ದೇ ತಡ, ಎರಡು ಕಮಾನುಗಳ ನಡುವಿನ ಕಂಬ ವಾಲಿತು. ಕಮಾನು ಬಿರಿದು ಬಿತ್ತು. ಧೂಳಿನೊಳಗಿಂದ ಬಸಪ್ಪ ಒದರುವುದು ಕೇಳಿತು. ಸೊಂಟದ ಕೆಳಗೆ ಕಲ್ಲುಗಳು ಅವನನ್ನು ಅರೆದುಹಾಕಿದ್ದವು. ಎಳೆದವರ ಕೈಯೆಲ್ಲ ರಕ್ತ. ಗದಗಿನ ದವಾಖಾನೆಗೆ ಒಯ್ಯಲು ಚಕ್ಕಡಿ ಹೂಡುವಷ್ಟರಲ್ಲಿ ಜೀವ ಹೋಯಿತು.

ಆಮೇಲೆ ನನ್ನ ಸರದಿ. ಕೆಲಸದವರೆಲ್ಲ ನನ್ನ ಮೇಲೆ ಮುಗಿಬಿದ್ದರು. ಹಾರೆಯ ಪೆಟ್ಟಿಗೆ ಹೆಗಲ ಎಲುಬು ಮುರಿಯಿತು. ಕೆಡವಿ ಒದ್ದರು, ಎರಡು ಹಲ್ಲು ಹೋದವು. ಒಬ್ಬ ನನ್ನ ತಲೆಯ ಮೇಲೆ ಕಲ್ಲು ಎತ್ತಿದ. ಫಕ್ಕೀರಪ್ಪ ಅವನ ಕೈ ಹಿಡಿದ.

"ಕೊಲ್ಲಬ್ಯಾಡ್ರಿ. ಇದನ್ನ ತಿರುಗಿ ಕಟ್ಟತೇನಿ. ಬೆಣಿ ಬಿಚ್ಚೋ ದಿನ ಇವನ್ನ ಬುಡಕ ನಿಂದರಸತೇನಿ."

ಹಾಸಿಗೆಯಲ್ಲಿ ಬಿದ್ದುಕೊಂಡು ಪುಸ್ತಕ ತೆರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಚಿತ್ರದ ಕೆಳಗೇ ಬರೆದಿತ್ತು: ರೋಮನ್ನರ ಕಂಬದ ದಪ್ಪ ಕಮಾನಿನ ಅಗಲದ ಮೂರರಲ್ಲಿ ಒಂದು ಪಾಲಿನಷ್ಟು, ಆದ್ದರಿಂದ ಪ್ರತಿ ಕಮಾನು ಒಂಟಿಯಾಗಿ ನಿಲ್ಲಬಲ್ಲದು. ನಮ್ಮದು ಇಪ್ಪತ್ತು ಅಡಿಯ ಕಮಾನಿಗೆ ಮೂರು ಅಡಿಯ ಕಂಬ. ಆ ಒಂದು ಸಾಲು ಓದಿದ್ದರೆ ಬಸಪ್ಪ ಬದುಕಿರುತ್ತಿದ್ದ. ತಪ್ಪು ಗೌಂಡಿಯದೆಂದು ವರದಿಯಲ್ಲಿ ಬರೆಯಲು ಮೇಲಿನವರು ಸೂಚಿಸಿದರು. ನನ್ನದೆಂದೇ ಬರೆದೆ. ಬಡ್ತಿ ತಪ್ಪಿತು, ಆದರೆ ಸೇತುವೆಯ ಕೆಲಸ ನನ್ನ ಕೈಯಲ್ಲೇ ಉಳಿಯಿತು.

ಮರುವರ್ಷದ ಬೇಸಿಗೆಯಲ್ಲಿ ಮೂರೂ ಕಮಾನು ಎದ್ದವು. ಬೆಣೆ ಬಿಚ್ಚುವ ದಿನ ಯಾರೂ ಕರೆಯುವ ಮುನ್ನವೇ ಮೊದಲ ಕಮಾನಿನ ಕೆಳಗೆ ಹೋಗಿ ನಿಂತೆ. ಸುತ್ತಿಗೆ ಹಿಡಿದು ಫಕ್ಕೀರಪ್ಪನೂ ಒಳಗೆ ಬಂದ. ನೀನಾದರೂ ಹೊರಗಿರು ಎಂದು ಬೇಡಿಕೊಂಡೆ.

"ಬೆಣಿ ಬಡಿಯಾಂವ ಬುಡಕ ಇರಬೇಕಲ್ರಿ. ಅವತ್ತ ನನ್ನ ತಮ್ಮ ಇದ್ದ."

ಮೂರೂ ಕಡೆ ಒಟ್ಟಿಗೆ ಬಡಿದರು. ಕಮಾನು ನಿಂತಿತು. ಫಕ್ಕೀರಪ್ಪ ಸುತ್ತಿಗೆ ಎಸೆದು, ಬಸಪ್ಪ ಬಿದ್ದಿದ್ದ ಜಾಗದಲ್ಲಿ ಕೂತು ಅತ್ತ.

ನೌಕರಿ ನನಗೆ ಕಲಿಸಿದ್ದು ಇಷ್ಟೆ: ಅಪ್ಪಣೆ ಕೊಡುವವನು ದಂಡೆಯ ಮೇಲಿರುತ್ತಾನೆ, ಕಲ್ಲು ಬೀಳುವುದು ಕೆಳಗಿದ್ದವನ ಮೇಲೆ. ನಿವೃತ್ತನಾಗುವ ತನಕ ಒಂದು ಬೆಣೆಯನ್ನೂ ನಾನು ದಂಡೆಯ ಮೇಲೆ ನಿಂತು ಬಿಚ್ಚಿಸಲಿಲ್ಲ.