ಹವಳಕ್ಕೆ ಬಡಿಸಿದ ಸಬೀಕಾ

ಸಬೀಕಾಳ ಮನೆಗೆ ಊಟಕ್ಕೆ ಹೋಗುವವರು ಬೆಳಗಿನಿಂದಲೇ ಹೊಟ್ಟೆ ಖಾಲಿ ಬಿಟ್ಟುಕೊಂಡು ಹೋಗುವುದು ಮೇಲು. ಕೊಲ್ಲಿ ನಾಡಿನ ಮುಹರಕ್‌ನ ನಮ್ಮ ಓಣಿಯಲ್ಲಿ ಇದು ಮಕ್ಕಳಿಗೂ ಗೊತ್ತು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಅನ್ನ ಸುರಿದುಬಿಡುವ ಹೆಂಗಸು ಅವಳು. ಅವಳ ಅಜ್ಜ ಮುತ್ತಿಗಾಗಿ ಕಡಲಲ್ಲಿ ಮುಳುಗುತ್ತಿದ್ದವನು, ಹಗಲೆಲ್ಲ ಒಂದಿಷ್ಟು ಖರ್ಜೂರದ ಮೇಲೇ ಇರುತ್ತಿದ್ದನಂತೆ. ಆ ಕಥೆ ಕೇಳಿಕೊಂಡು ಬೆಳೆದ ಸಬೀಕಾಳಿಗೆ ಲೋಕದಲ್ಲಿ ಯಾರ ಬಾಯಿ ತೆರೆದಿದ್ದರೂ ಅದು ಹಸಿವೆಂದೇ ಕಾಣುತ್ತದೆ.

ಗಂಡ ಖಲ್ಫಾನ್ ಮಾತು ಕಡಿಮೆಯ ಮನುಷ್ಯ. ಏರ್ ಕಂಡೀಷನರ್ ರಿಪೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ಮಜ್ಲಿಸ್‌ನಲ್ಲಿ, ಬಂದವರು ಕೂರುವ ದಿಂಬುಗಳ ಎದುರಿಗೇ, ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇಟ್ಟು ಜೀವಂತ ಹವಳ ಸಾಕುತ್ತಿದ್ದ. ಅವುಗಳಲ್ಲಿ ಅವನ ಕಣ್ಮಣಿ ಮೈತುಂಬ ಹೂವಿನಂಥ ಪುಟ್ಟ ಬಾಯಿಗಳಿದ್ದ ಒಂದು ಕಿತ್ತಳೆ ಬಣ್ಣದ ಹವಳ. ಉಳಿದವು ಬೆಳಕಿನಲ್ಲೇ ಹೇಗೋ ಬದುಕಿಕೊಳ್ಳುತ್ತವೆ, ಇದಕ್ಕೆ ಮಾತ್ರ ಒಂದೊಂದು ಬಾಯಿಗೂ ತುತ್ತು ಕೊಡಬೇಕು. ನೀರು ತಿರುಗಿಸುವ ಪಂಪು ನಿಲ್ಲಿಸಿ, ಉದ್ದನೆಯ ಡ್ರಾಪರ್‌ನಲ್ಲಿ ಸಿಗಡಿಯ ಚೂರು ಹಿಡಿದು ಖಲ್ಫಾನ್ ಉಸಿರು ಬಿಗಿಹಿಡಿದು ಉಣಿಸುತ್ತಿದ್ದ. ಆ ಡ್ರಾಪರನ್ನು ಸ್ವಂತ ತಮ್ಮನಿಗೂ ಮುಟ್ಟಲು ಬಿಟ್ಟವನಲ್ಲ. ಸಬೀಕಾ ಆ ಹವಳಗಳನ್ನು ಕರೆಯುತ್ತಿದ್ದದ್ದು "ನಿಮ್ಮ ಕಲ್ಲುಗಳು" ಎಂದು.

ಹೀಗಿರುವಾಗ ಖಲ್ಫಾನನ ಅಕ್ಕನಿಗೆ ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವ ಮನಸ್ಸಾಯಿತು. ಜೊತೆಗೆ ಖಲ್ಫಾನನೇ ಬರಬೇಕು. ಹೊರಡುವ ದಿನ ಅವನು ಹೆಂಡತಿಯನ್ನು ತೊಟ್ಟಿಯ ಮುಂದೆ ನಿಲ್ಲಿಸಿ, ಹಿರಿಮಗನ ಹೆಸರು ಹಿಡಿದು, ಘಾನಿಂನ ತಾಯಿ ಎಂದು ಎಂದಿನಂತೆ ಕರೆದ.

"ಉಮ್ ಘಾನಿಂ, ಇದನ್ನ ನೀನೇ ನೋಡ್ಕೋಬೇಕು. ವಾರಕ್ಕೆ ಎರಡು ಸಲ, ಒಂದು ಬಾಯಿಗೆ ಒಂದೇ ಚೂರು. ಬಾಯಿ ತೆರೆದಿದೆ ಅಂತ ಮತ್ತೆ ಹಾಕ್ಬೇಡ."

"ವಾರಕ್ಕೆ ಎರಡೇ ಸಲನಾ? ನಮ್ಮನೆ ಬೆಕ್ಕಿಗೂ ನಾನು ಹಾಗೆ ಮಾಡಲ್ಲ, ಬೂ ಘಾನಿಂ."

"ಬೆಕ್ಕನ್ನ ನೋಡಿದೀನಿ. ಅದಕ್ಕೀಗ ಮೆಟ್ಟಿಲು ಹತ್ತೋಕಾಗ್ತಿಲ್ಲ."

ಹಾಗಂದವನು ಡ್ರಾಪರನ್ನು ಅವಳ ಕೈಗಿಟ್ಟ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಬಾಯಿಬಿಟ್ಟು ಅವಳಿಗೆ ಒಪ್ಪಿಸಿದ್ದು ಅದೊಂದನ್ನೇ. ಸಬೀಕಾ ಕೊಂಕು ಮಾತನಾಡಿದಳೇ ಹೊರತು ಒಳಗೊಳಗೇ ಹಿಗ್ಗಿದಳು.

ಫ್ರೀಜರಿನಲ್ಲಿ ಅವನು ಇಟ್ಟುಹೋಗಿದ್ದ ಸಿಗಡಿಯ ಗಡ್ಡೆಗಳನ್ನು ನೋಡಿದ್ದೇ ಅವಳು ಮೂಗು ಮುರಿದಳು. ಮನೆಗೆ ಬಂದವರಿಗೆ ಹಳಸಲು ಬಡಿಸುವುದುಂಟೇ? ಮಾರುಕಟ್ಟೆಗೆ ಹೋಗಿ ತಾಜಾ ಸಿಗಡಿ ತಂದು ಸಣ್ಣಗೆ ಕೊಚ್ಚಿದಳು. ವಾಸನೆ ನೀರಿಗೆ ಇಳಿದದ್ದೇ ತಡ, ಮುದುಡಿಕೊಂಡಿದ್ದ ಕಿತ್ತಳೆ ಬಾಯಿಗಳು ಒಂದೊಂದಾಗಿ ಅರಳಿದವು. ತುತ್ತು ಮುಟ್ಟಿಸಿದರೆ ಮೆಲ್ಲಗೆ ಒಳಗೆ ಎಳೆದುಕೊಂಡವು. ಸಬೀಕಾ ಮನಸೋತಳು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಬಾಯಿಗಳು ಇನ್ನೂ ತೆರೆದೇ ಇದ್ದವು. ಮತ್ತೆ ಬಡಿಸಿದಳು. ಮರುದಿನವೂ ಬಡಿಸಿದಳು, ಅದರ ಮರುದಿನವೂ. ನಮ್ಮಲ್ಲಿ ಬಂದವರು ಕಾಫಿ ಬಟ್ಟಲನ್ನು ಅಲ್ಲಾಡಿಸಿ ಸಾಕೆನ್ನುವವರೆಗೂ ಸುರಿಯುತ್ತಲೇ ಇರಬೇಕು, ಅದೇ ಮರ್ಯಾದೆ. ಹವಳ ಸಾಕೆನ್ನಲಿಲ್ಲ, ಸಬೀಕಾ ಬಿಡಲಿಲ್ಲ.

ಖಲ್ಫಾನ್ ಮಕ್ಕಾದಿಂದ ಫೋನು ಮಾಡಿದಾಗ, "ಎಲ್ಲಾ ಚೆನ್ನಾಗಿದಾವೆ, ಹೊಟ್ಟೆ ತುಂಬಾ ತಿಂತಿದಾವೆ" ಎಂದಳು. ಆಗಲೇ ನೀರು ಗಂಜಿಯಾಗತೊಡಗಿತ್ತು. ಪುಣ್ಯಭೂಮಿಯಲ್ಲಿ ನಿಂತವನಿಗೆ ಅರ್ಧ ಸತ್ಯ ಹೇಳಿದೆನಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಮರುದಿನ ಕಿತ್ತಳೆ ಬಾಯಿಗಳೆಲ್ಲ ಮುಚ್ಚಿಕೊಂಡಿದ್ದವು. ಎಷ್ಟು ಸಿಗಡಿ ತೋರಿಸಿದರೂ ತೆರೆಯಲಿಲ್ಲ. ಪಕ್ಕದ ಮನೆಯ ಲುಲ್ವಾ ಕಾಫಿಗೆ ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿದಳು.

"ಏನೇ ಇದು ನಾತ? ಗಂಡ ಊರಲ್ಲಿಲ್ಲ ಅಂತ ಮೀನಿನ ಅಂಗಡಿ ಇಟ್ಟಿದ್ದೀಯಾ?"

"ಇವು ಊಟ ಬಿಟ್ಟಿವೆ ಲುಲ್ವಾ. ಮುನಿಸ್ಕೊಂಡಿವೆಯೋ ಏನೋ."

"ನೀನು ಬಡಿಸಿದ್ದು ತಿಂದು ಮುನಿಸ್ಕೊಂಡೋರನ್ನ ನಾನು ನೋಡಿಲ್ಲ. ಆಸ್ಪತ್ರೆ ಸೇರಿದೋರನ್ನ ನೋಡಿದೀನಿ." ಮೂರನೇ ಸಲ ಸುರಿದ ಕಾಫಿ ಕುಡಿದು ಲುಲ್ವಾ ಬಟ್ಟಲು ಅಲ್ಲಾಡಿಸಿದಳು. "ಸಾಕು ತಾಯಿ. ನನಗೇನೋ ಕೈ ಇದೆ, ಅಲ್ಲಾಡಿಸ್ದೆ. ಅವೇನು ಮಾಡ್ಬೇಕು ಪಾಪ?"

ಕೆಟಲು ಹಿಡಿದಿದ್ದ ಸಬೀಕಾಳ ಕೈ ಅಲ್ಲೇ ನಿಂತಿತು. ತಾನು ಸುರಿದ ಸಿಗಡಿಯ ವಾಸನೆಗೇ ಅವು ಬಾಯಿ ತೆರೆದಿದ್ದವು. ತೆರೆದ ಬಾಯಿ ಕಂಡು ತಾನು ಮತ್ತೆ ಸುರಿದಿದ್ದಳು. ತಿಂದು ಮಿಕ್ಕಿದ್ದೆಲ್ಲ ಕಲ್ಲಿನ ಸಂದುಗಳಲ್ಲಿ ಕೊಳೆಯುತ್ತಿತ್ತು. ಬೇಡವೆಂದು ಅವನು ಹೇಳಿಯೇ ಹೋಗಿದ್ದ.

ಅಡುಗೆಮನೆಯ ಹಿಂದೆ ಖಲ್ಫಾನ್ ಉಪ್ಪು ಬೆರೆಸಿಟ್ಟ ನೀರಿನ ನೀಲಿ ಡ್ರಮ್ಮಿತ್ತು. ಸಬೀಕಾ ತೋಳು ಮಡಚಿ, ಅದೇ ಡ್ರಾಪರ್‌ನಿಂದ ಕೊಳೆತ ಚೂರುಗಳನ್ನು ಹೀರಿ ತೆಗೆದು, ಕೆಟ್ಟ ನೀರನ್ನು ದಿನಕ್ಕಿಷ್ಟು ಬಸಿದು ಹೊಸ ನೀರು ಹೊತ್ತು ಸುರಿದಳು. ಸೊಂಟ ಹಿಡಿದುಕೊಂಡಿತು. ಅಷ್ಟಾದರೂ ಬಾಯಿಗಳು ತೆರೆಯಲಿಲ್ಲ, ಅಂಚಿನಲ್ಲಿದ್ದ ಕೆಲವು ಸತ್ತು ಬರೀ ಬಿಳಿ ಸುಣ್ಣ ಉಳಿಯಿತು. ಅವಳು ತೊಟ್ಟಿಯ ಮುಂದೆ ಕೂತು ಅತ್ತಳು.

ಖಲ್ಫಾನ್ ಬಂದು ಚೀಲ ಇಳಿಸುವ ಮೊದಲೇ ಹೇಳಿಬಿಟ್ಟಳು. "ಬಡಿಸಿ ಬಡಿಸಿ ಕೊಂದೆ, ಬೂ ಘಾನಿಂ. ಫೋನಲ್ಲಿ ಮುಚ್ಚಿಟ್ಟೆ."

ಅವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಚಿನ ಬಿಳಿ ಸುಣ್ಣದತ್ತ ಬೆರಳು ಮಾಡಿದ.

"ಇವು ಹೋದವು. ಮಿಕ್ಕಿದ್ದು ಬದುಕಿದ್ರೂ ಬದುಕ್ಬಹುದು. ನೀರು ಬದಲಾಯಿಸಿದ್ದು ಯಾರು?"

"ನಾನೇ."

"ಸೊಂಟ?"

"ಇದೆ. ಎಲ್ಲಿಗೆ ಹೋಗತ್ತೆ?"

ಅಷ್ಟೇ ಮಾತು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅಂದಿನಿಂದ ಅವಳ ಕೈ ಹಿಡಿತಕ್ಕೆ ಬಂತು. ಗಂಡನ ತಟ್ಟೆಗೆ ಒಂದು ಸಲ ಮಚ್ಬೂಸ್ ಅನ್ನ ಬಡಿಸಿ "ಸಾಕಾ?" ಎಂದು ಕೇಳತೊಡಗಿದಳು. ಅವಳ ಬಾಯಲ್ಲಿ ಆ ಮಾತನ್ನೇ ಕೇಳಿರದ ಖಲ್ಫಾನ್ ಕಕ್ಕಾಬಿಕ್ಕಿಯಾಗಿ ಸಾಕೆಂದುಬಿಡುತ್ತಿದ್ದ, ಆಮೇಲೆ ಕದ್ದು ಖರ್ಜೂರ ತಿನ್ನುತ್ತಿದ್ದ. ಮನೆಗೆ ಬೇರೆಯವರಾರೋ ಬಂದು ಅಡುಗೆ ಮಾಡಿದಂತೆ ಅವನಿಗೆ ಕಳವಳ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಅವನು ಮಜ್ಲಿಸ್‌ನಿಂದ ಕೂಗಿದ. ಕಿತ್ತಳೆ ಬಾಯಿಗಳು ತೆರೆದಿದ್ದವು. ಅವನು ಪಂಪು ನಿಲ್ಲಿಸಿ ಡ್ರಾಪರನ್ನು ಅವಳತ್ತ ಚಾಚಿದ.

"ನಾನಾ? ಬೇಡಪ್ಪ."

"ನೀನೇ. ನನ್ನ ಮುದಿ ಕಣ್ಣಿಗಿಂತ ನಿನ್ನ ಕೈ ವಾಸಿ."

ಒಂದು ಬಾಯಿಗೆ ಒಂದೇ ಚೂರು ಕೊಟ್ಟಳು. ಕೊನೆಯದು ನುಂಗಿಯೂ ಬಾಯಿ ತೆರೆದೇ ಇತ್ತು. ಸಬೀಕಾ ಅದನ್ನೇ ನೋಡಿದಳು, ಡ್ರಾಪರ್‌ನಲ್ಲಿ ಇನ್ನೂ ಸಿಗಡಿ ಇತ್ತು. ಆಮೇಲೆ ಡ್ರಾಪರನ್ನು ಹೊರಗೆಳೆದು, ಕಾಫಿ ಬಟ್ಟಲು ಅಲ್ಲಾಡಿಸುವಂತೆ ಒಮ್ಮೆ ಅಲ್ಲಾಡಿಸಿ ಕೆಳಗಿಟ್ಟಳು.

ಅಲ್ಲಿ ಬಿಗಿಹಿಡಿದ ಕೈಯನ್ನು ಆ ರಾತ್ರಿ ಸಡಿಲಬಿಟ್ಟು ಗಂಡನ ತಟ್ಟೆಗೆ ಮಚ್ಬೂಸ್ ಸುರಿದಳು, ಸಾಕಾ ಎಂದು ಕೇಳಲಿಲ್ಲ. ಖಲ್ಫಾನ್ ಕೈ ಅಡ್ಡ ಹಿಡಿಯಲೂ ಇಲ್ಲ.