ನೈಟಿ ವ್ಯಾನಿನ ಗಂಟಲು

ಒಟ್ಟು ಹದಿನಾರು ಸಾವಿರದ ಎಂಟುನೂರು ರೂಪಾಯಿ. ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ದಪ್ಪ ಬೇಸ್ ಟ್ಯೂಬ್, ಪೆನ್‌ಡ್ರೈವ್ ಹಾಕುವ ಸೆಟ್ಟು, ಫಿಟ್ಟಿಂಗ್ ಎಲ್ಲ ಸೇರಿ. ಬಟವಾಡಿಯ ಕಾರ್ ಸೌಂಡ್ ಅಂಗಡಿ ಹುಡುಗ ಮೊದಲು ಹೇಳಿದ್ದು ಇಪ್ಪತ್ತೊಂದು ಸಾವಿರ. ನೈಟಿ ಮಾರುವವಳಿಗೆ ಮದುವೆ ದಿಬ್ಬಣದ ಸೌಂಡ್ ಯಾಕೆ ಎಂದು ಬಹಳ ಜನ ಕೇಳಿದರು. ನಾನು ಕೊಂಡದ್ದು ಒಂದು ಗಂಟಲನ್ನು. ಗಂಟಲು ಆ ಬೆಲೆಗೆ ಸಿಕ್ಕರೆ ಅಗ್ಗವೇ.

ಹನ್ನೆರಡು ವರ್ಷ ಕೂಗಿ ವ್ಯಾಪಾರ ಮಾಡಿದವಳು ನಾನು. ಮೊದಲು ಬಸ್ಸಿನಲ್ಲಿ ಗಂಟು ಹೊತ್ತು, ಆಮೇಲೆ ಒಂದು ಹಳೆಯ ಪೆಟ್ರೋಲ್ ವ್ಯಾನ್ ಕೊಂಡು. ವಾರದಲ್ಲಿ ಮೂರು ದಿನ ಕುಣಿಗಲ್ ಕಡೆ, ಎರಡು ದಿನ ಗುಬ್ಬಿ ಕಡೆ. ಕಾಟನ್ ನೈಟಿ, ಒಳಲಂಗ, ಬೆಡ್‌ಶೀಟು. ಹೋದ ವರ್ಷ ದನಿ ಒಡೆಯಿತು. ಡಾಕ್ಟರು ಮೂಗಿನಲ್ಲಿ ಕ್ಯಾಮೆರಾ ಇಳಿಸಿ ನೋಡಿ, ದನಿ ಹುಟ್ಟುವ ಜಾಗದಲ್ಲಿ ಸಣ್ಣ ಗಂಟಿದೆ, ಇನ್ನು ಕೂಗಬಾರದು ಎಂದರು.

"ದಿನಕ್ಕೆ ಎರಡು ಊರಲ್ಲಿ ಮಾತ್ರ ಕೂಗ್ಲಾ ಸಾರ್?" ಎಂದೆ.

"ಒಂದೂ ಇಲ್ಲ."

"ಒಂದೇ ಬೀದೀಲಿ?"

ಡಾಕ್ಟರು ನಕ್ಕರು, ಆದರೆ ಇಳಿಯಲಿಲ್ಲ. ನನ್ನ ಜೀವನದಲ್ಲಿ ಚೌಕಾಸಿಗೆ ಬಗ್ಗದವರು ಅವರೊಬ್ಬರೇ.

ಕೈಮೈಕು ತಗೋ ಎಂದವರಿದ್ದರು. ಬೆಳ್ಳುಳ್ಳಿಯವನು, ಹಳೇ ಕಬ್ಬಿಣದವನು, ಮಿಕ್ಸಿ ರಿಪೇರಿಯವನು, ಎಲ್ಲರ ಕೈಮೈಕೂ ಒಂದೇ ಥರ ಕಿರುಚುತ್ತದೆ. ನನ್ನ ಗಿರಾಕಿಗಳು ಬಾಗಿಲು ತೆಗೆಯುವುದು ದನಿಯ ಗುರುತಿನ ಮೇಲೆ. ಒಳಲಂಗದ ಅಳತೆಯನ್ನು ಯಾವ ಹೆಂಗಸು ಗೊತ್ತಿಲ್ಲದ ದನಿಯ ಹತ್ತಿರ ಕೇಳುತ್ತಾಳೆ? ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು, ದನಿ ಸ್ವಲ್ಪ ತಿಳಿಯಾದ ಒಂದು ಬೆಳಿಗ್ಗೆ, ಬಟ್ಟೆ ತುಂಬಿದ ವ್ಯಾನಿನೊಳಗೆ ಬಾಗಿಲು ಹಾಕಿಕೊಂಡು ಕೂತು ಮೊಬೈಲಿಗೆ ಹೇಳಿದೆ: "ಅಕ್ಕ ಬಂದವ್ಳೆ, ಕಾಟನ್ ನೈಟಿ ತಂದವ್ಳೆ. ಒಗ್ದು ನೋಡಿ, ಬಣ್ಣ ಹೋದ್ರೆ ಮುಂದಿನ್ ವಾರ ನನ್ನೇ ಹಿಡ್ಕೊಳಿ." ಆಮೇಲೆ ಆ ದನಿ ನನಗೆ ಮತ್ತೆ ಬರಲಿಲ್ಲ. ಈಗ ಇರುವುದು ಪೆನ್‌ಡ್ರೈವಿನಲ್ಲಿ ಮಾತ್ರ.

ಬೆಲೆ ಇಳಿಸುವಾಗ ಅಂಗಡಿ ಹುಡುಗ ಕೊನೆಗೆ ಕೈಮುಗಿದು ಹೇಳಿದ್ದ: "ಅಕ್ಕ, ಇನ್ನು ವೈರಲ್ಲಿ ಮಾತ್ರ ಕಮ್ಮಿ ಮಾಡ್ಬಹುದು. ಇದಕ್ಕಿಂತ ಸಣ್ಣದು ಹಾಕ್ಲಾ?"

"ಹಾಕಪ್ಪ. ವೈರ್ ಏನು ಮಾತಾಡುತ್ತಾ?" ಎಂದೆ. ಸಾವಿರದ ಇನ್ನೂರು ಉಳಿಸಿದೆ ಎಂದು ದಾರಿಯುದ್ದಕ್ಕೂ ಬೀಗಿದೆ.

ಎರಡು ವಾರ ರಾಜವೈಭೋಗ. ಆಮೇಲೆ ಸಂಜೆ ಹೊತ್ತು ಬೇಸ್ ಗುಂಯ್ ಎಂದಾಗಲೆಲ್ಲ ಹೆಡ್‌ಲೈಟು ಕಣ್ಣು ಮಿಟುಕಿಸತೊಡಗಿತು. ಮಳೆಯಲ್ಲಿ ವೈಪರು ಏದುಸಿರು ಬಿಡುತ್ತಿತ್ತು. ಹಳೆ ಗಾಡಿ ಎಂದು ಸುಮ್ಮನಾದೆ. ಪೆಟ್ರೋಲ್ ಉಳಿಸಲು ಪ್ರತಿ ಬೀದಿಯಲ್ಲೂ ಎಂಜಿನ್ ಆಫ್ ಮಾಡಿ, ಸೌಂಡ್ ಮಾತ್ರ ಹಾಕಿಟ್ಟು ಅರ್ಧ ಗಂಟೆ ವ್ಯಾಪಾರ ಮಾಡುವುದು ನನ್ನ ಪದ್ಧತಿ. ಅದು ಜಾಣತನವೆಂದೇ ತಿಳಿದಿದ್ದೆ.

ಹುಲಿಯೂರುದುರ್ಗದಲ್ಲಿ, ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ವ್ಯಾನಿನ ಸುತ್ತ ಹದಿನೈದು ಹೆಂಗಸರು ನಿಂತಿದ್ದಾಗ, "ಅಕ್ಕ ಬಂದವ್ಳೆ, ಕಾಟ..." ಎಂದು ದನಿ ನಿಂತುಹೋಯಿತು. ಕೀ ತಿರುಗಿಸಿದರೆ ಬರೀ ಟಕ್ ಟಕ್.

"ಏನಕ್ಕೋ, ಗಂಟ್ಲು ಮತ್ತೆ ಕಟ್ಕೊಂತಾ?" ಎಂದಳು ಒಬ್ಬಳು.

"ಡಬ್ಬೀನೂ ಡಾಕ್ಟ್ರತ್ರ ತೋರ್ಸು ಬುಡು" ಎಂದಳು ಇನ್ನೊಬ್ಬಳು.

ಸೆರಗು ಸಿಕ್ಕಿಸಿಕೊಂಡು ಅವರೇ ತಳ್ಳಿದರು. ಗಾಡಿ ಸ್ಟಾರ್ಟ್ ಆಯಿತು. ಆದ ಕೂಡಲೇ ಕಿಟಕಿಗೆ ಒಂದು ಮುಖ ಬಂತು: "ತಳ್ಳಿದ್ದೀವಲ್ಲ, ನೈಟೀಲಿ ಇಪ್ಪತ್ತ್ ರುಪಾಯ್ ಬುಡಕ್ಕ." ಬಿಟ್ಟೆ. ಹದಿನೈದು ಜನಕ್ಕೂ ಬಿಟ್ಟೆ. ಅವತ್ತಿನ ಲಾಭ ಅಲ್ಲೇ ಮುಗಿಯಿತು.

ಮಾರನೆಯ ದಿನ ಗುಬ್ಬಿಯಲ್ಲಿ ಗಾಡಿ ಕರೆಂಟ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ನಿಲ್ಲಿಸಿ, ಎಂಜಿನ್ ಆರಿಸಿ ಸೌಂಡ್ ಹಾಕುವ ನನ್ನ ಪದ್ಧತಿಯನ್ನೂ ಹೇಳಿದೆ. ಅವರು ಮೊದಲು ಮೀಟರ್ ಇಟ್ಟು ನೋಡಿದರು, ಆಮೇಲೆ ಸೌಂಡ್ ಹಾಕಿಸಿ, ಸೀಟೆತ್ತಿ ವೈರ್ ಮುಟ್ಟಿ ಕೈ ಹಿಂದಕ್ಕೆಳೆದರು. ಪ್ಲಾಸ್ಟಿಕ್ ಕಾದು ಮೆತ್ತಗಾಗಿತ್ತು. ತುದಿ ಕತ್ತರಿಸಿ ತೋರಿಸಿದರು. ಮೇಲೆ ಕೆಂಪು, ಒಳಗೆ ಬಿಳುಪು.

"ತಾಮ್ರ ಬರೀ ಮೇಲೆ ಬಳ್ದವ್ರೆ ಕಣಮ್ಮ. ಒಳಗೆ ಅಲ್ಯೂಮಿನಿಯಂ. ಬ್ಯಾಟ್ರಿ ಪಕ್ಕ ಫ್ಯೂಸೂ ಇಲ್ಲ. ಅರ್ಥ್ ವೈರ್ನ ಪೇಂಟ್ ಮೇಲೇ ಬಿಗ್ದವ್ರೆ, ಕಬ್ಬಿಣಕ್ಕೆ ತಾಕೇ ಇಲ್ಲ. ಯಾವ್ ಪುಣ್ಯಾತ್ಮ ಮಾಡಿದ್ದು?"

"ಪುಣ್ಯಾತ್ಮ ನಾನೇ ಅಣ್ಣ. ಕೇಳಿ ಹಾಕ್ಸ್ಕೊಂಡೆ."

ಅವರು ನಗಲಿಲ್ಲ. "ಮನೆ ಮೇಲೆ ನೀರಿನ್ ಟ್ಯಾಂಕ್ ಅದೆಯಲ್ಲ, ಬ್ಯಾಟ್ರಿ ಅಂದ್ರೆ ಅದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ನೀರೆತ್ತೋ ಮೋಟ್ರು. ನೀನು ಮೋಟ್ರು ಆಫ್ ಮಾಡಿ, ಊರಿಗೆಲ್ಲ ನಲ್ಲಿ ಬಿಟ್ಟಿದ್ದೀಯ. ಮೋಟ್ರು ಓಡಿದ್ರೂ ಆ ಬೇಸ್ ಡಬ್ಬಿ ಕುಡಿಯೋಷ್ಟು ಎತ್ತಕ್ಕಾಗಲ್ಲ. ಸುಮ್ನೆ ಎಲ್ಲಾ ಕಿತ್ತಾಕಮ್ಮ, ಕೈಮೈಕ್ ತಗೊ."

ನನಗೆ ಮೈ ಉರಿಯಿತು. "ಡಾಕ್ಟ್ರೇ ನನ್ ಗಂಟ್ಲು ಕಿತ್ತಾಕು ಅನ್ಲಿಲ್ಲ ಅಣ್ಣ, ನೀವ್ಯಾಕೆ ಅಂತೀರಾ? ಕಮ್ಮಿ ಕುಡಿಯೋ ಹಂಗೆ ಮಾಡಿ. ಯಾವುದು ಬೇಕೋ ಅದ್ ಇರ್ಲಿ, ಬ್ಯಾಡದ್ದು ಹೋಗ್ಲಿ."

ಅವರು ಬೇಸ್ ಟ್ಯೂಬಿನ ವೈರ್ ಬಿಚ್ಚಿ ನನ್ನ ದನಿ ಹಾಕಿಸಿದರು. ಒಂದಕ್ಷರವೂ ಕಮ್ಮಿಯಾಗಲಿಲ್ಲ, ಇನ್ನೂ ಸ್ಪಷ್ಟವಾಯಿತು. "ಮಾತಿಗೆ ಇಷ್ಟೇ ಸಾಕಾಗಿತ್ತು" ಎಂದು, ಸದ್ಯಕ್ಕೊಂದು ಫ್ಯೂಸ್ ಹಾಕಿ, ದಪ್ಪ ತಾಮ್ರದ ವೈರ್ ಹಾಕಿಸುವವರೆಗೂ ಸೌಂಡ್ ಜೋರು ಮಾಡಬೇಡ ಎಂದು ಎಚ್ಚರಿಸಿ ಕಳಿಸಿದರು.

ನೇರ ಬಟವಾಡಿಗೆ ಬಂದೆ. ಬೇಸ್ ಟ್ಯೂಬ್ ವಾಪಸ್ ತಗೊಂಡು ಒಳ್ಳೆಯ ವೈರ್ ಹಾಕಿಕೊಡು ಎಂದೆ.

"ಬಿಚ್ಚಿದ ಮಾಲು ವಾಪಸ್ಸಿಲ್ಲ ಅಕ್ಕ. ವೈರ್ ನೀವೇ ಸಣ್ಣದು ಕೇಳಿದ್ದು. ಒಂದು ಕೆಪಾಸಿಟರ್ ಹಾಕ್ಸ್ಬಿಡಿ, ಸ್ವಲ್ಪ ಕರೆಂಟ್ ಹಿಡಿದಿಟ್ಕೊಳುತ್ತೆ, ಸರಿಹೋಗುತ್ತೆ."

"ಟ್ಯಾಂಕಲ್ಲೇ ನೀರಿಲ್ಲ, ಪಕ್ಕದಲ್ಲಿ ಚೊಂಬಿಟ್ರೆ ತುಂಬುತ್ತಾ?"

ಸಣ್ಣದು ಕೇಳಿದ್ದು ನಾನೇ, ಒಪ್ಪುತ್ತೇನೆ. ಆದರೆ ಒಳಗೆ ಅಲ್ಯೂಮಿನಿಯಂ ಇದೆ ಎಂದು ಅವನು ಹೇಳಿರಲಿಲ್ಲ, ಫ್ಯೂಸ್ ಬಿಡು ಎಂದು ನಾನು ಹೇಳಿರಲಿಲ್ಲ. ವ್ಯಾನನ್ನು ಅವನ ಅಂಗಡಿ ಬಾಗಿಲಿಗೇ ಅಡ್ಡ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೆಲುದನಿಯಲ್ಲಿ ಪೆನ್‌ಡ್ರೈವ್ ಹಾಕಿದೆ. ಅಕ್ಕ ಬಂದವ್ಳೆ.

"ಏನಕ್ಕ ಇದು, ಗಾಡಿ ತೆಗೀರಿ!"

"ಬ್ಯಾಟ್ರಿ ಇರೋವರ್ಗೂ ಇಲ್ಲೇ ಇರ್ತೀನಪ್ಪ. ಬ್ಯಾಟ್ರಿ ಹೋದ್ಮೇಲೂ ಇಲ್ಲೇ, ಸ್ಟಾರ್ಟ್ ಆಗಲ್ವಲ್ಲ. ನಿನ್ನ ಫಿಟ್ಟಿಂಗು."

ಪಕ್ಕದ ಕ್ಲಿನಿಕ್ಕಿಗೆ ಬಂದ ಹೆಂಗಸರು ನೈಟಿ ನೋಡತೊಡಗಿದರು. ಅವನ ಕಾರಿನ ಗಿರಾಕಿಗಳು ಹಾರ್ನ್ ಹೊಡೆದು ಮುಂದೆ ಹೋದರು. ನಾಲ್ಕನೇ ನೈಟಿ ಮಾರಾಟವಾಗುವಷ್ಟರಲ್ಲಿ ಅವನೇ ಸ್ಪ್ಯಾನರ್ ಹಿಡಿದು ಹೊರಗೆ ಬಂದ. ಬೇಸ್ ಟ್ಯೂಬ್ ಅವನ ಅಂಗಡಿಗೆ, ದಪ್ಪ ತಾಮ್ರದ ವೈರ್ ನನ್ನ ವ್ಯಾನಿಗೆ. ಅರ್ಥಿನ ಜಾಗದಲ್ಲಿ ಪೇಂಟ್ ಉಜ್ಜಿಸಿ ಕಬ್ಬಿಣ ಹೊಳೆಯುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಹೋಗುವಾಗ ಅವನ ಅಮ್ಮನಿಗೆಂದು ಒಂದು ನೈಟಿ ಕೊಟ್ಟೆ. ಅಸಲು ಬೆಲೆಗೆ, ಬಿಟ್ಟಿ ಅಲ್ಲ.

ಗೌರಿ ಹಬ್ಬದ ಹಿಂದಿನ ದಿನ ಮತ್ತೆ ಹುಲಿಯೂರುದುರ್ಗಕ್ಕೆ ಹೋದೆ. ಬೀದಿಗೆ ತಿರುಗಿ ದನಿ ಹಾಕಿದೆ. ಮಾತು ನಡುವೆ ನಿಲ್ಲದೆ ಕೊನೆಯವರೆಗೂ ಬಂತು, ಲೈಟು ಮಿಟುಕಲಿಲ್ಲ, ಬಾಗಿಲುಗಳು ತೆರೆದವು.

ನೀವೂ ಗಾಡಿಗೆ ಸೌಂಡ್ ಹಾಕಿಸುವುದಾದರೆ ಧಾರಾಳವಾಗಿ ಹಾಕಿಸಿ, ಯಾರಿಗೂ ಹೆದರಬೇಡಿ. ಡಬ್ಬಿಯ ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ವೈರಿನಲ್ಲಿ, ಫ್ಯೂಸಿನಲ್ಲಿ ಮಾಡಬೇಡಿ. ವೈರಿನ ತುದಿ ಕೆರೆದು ಒಳಗೂ ಕೆಂಪಿದೆಯೇ ನೋಡಿ. ಎಂಜಿನ್ ನಿಲ್ಲಿಸಿದರೆ ಸೌಂಡನ್ನೂ ನಿಲ್ಲಿಸಿ. ನಾನೀಗ ಬೀದಿಯಲ್ಲಿ ನಿಧಾನ ಓಡಿಸುತ್ತಾ ಹಾಕುತ್ತೇನೆ, ಬಾಗಿಲು ತೆರೆದ ಮೇಲೆ ಎರಡನ್ನೂ ಆರಿಸುತ್ತೇನೆ, ಅಷ್ಟು ಪೆಟ್ರೋಲ್ ಹೊಸ ಬ್ಯಾಟರಿಗಿಂತ ಅಗ್ಗ. ಲೈಟು ಮಿಟುಕಿದ ದಿನವೇ ಮೀಟರ್ ಇಡಿಸಿ, ಗಾಡಿ ಹಳೆಯದೆಂದು ಸುಮ್ಮನಾಗಬೇಡಿ. ಎಲ್ಲಾ ಕಿತ್ತುಹಾಕು ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಯಾವುದು ಹೆಚ್ಚು ಕುಡಿಯುತ್ತಿದೆ ಎಂದು ಮೊದಲು ಕೇಳಿ, ಅದೊಂದನ್ನೇ ಕೀಳಿಸಿ.