ಅಪ್ಪನ ಕೈಯ ಮೂರು ಚುಕ್ಕೆ

ನನ್ನ ತವರು ಗಜೇಂದ್ರಗಡ, ಕೊಟ್ಟ ಮನೆ ರೋಣ. ತವರಿನಲ್ಲಿ ಈಗ ಯಾರೂ ಇಲ್ಲ. ನಾನು ಒಬ್ಬಳೇ ಮಗಳು, ತಾಯಿ ಮೊದಲೇ ಹೋದಳು, ಆಮೇಲೆ ಅಪ್ಪ. ಹೀಗಾಗಿ ಪಂಚಮಿ ಬಂತೆಂದರೆ ಓಣಿಯ ಸೊಸೆಯರೆಲ್ಲ ತವರಿನ ಗಾಡಿ ಹತ್ತುತ್ತಾರೆ, ನಾನು ಒಲೆಯ ಮುಂದೆ ಉಳಿಯುತ್ತೇನೆ. ಇದನ್ನು ದುಃಖವೆಂದು ಹೇಳುತ್ತಿಲ್ಲ. ನಾನು ಹೇಳಹೊರಟ ವರ್ಷ ಮಳೆಯಲ್ಲೂ ಒಲೆಯ ಹತ್ತಿಕಟ್ಟಿಗೆ ಒಣಗಿಯೇ ಇತ್ತು, ಅತ್ತೆಯ ಮೊಣಕಾಲು ಬಾತಿರಲಿಲ್ಲ, ಮಾಳಿಗೆ ಒಂದೇ ಕಡೆ ಸೋರುತ್ತಿತ್ತು. ಶಿವ ಕೊಟ್ಟದ್ದನ್ನು ಕೊಟ್ಟನೆಂದೇ ಹೇಳಬೇಕು.

ಊರಿನ ಹತಾರಗಳನ್ನೆಲ್ಲ ಬ್ರಿಟಿಷ್ ಸರಕಾರಕ್ಕೆ ಒಪ್ಪಿಸಿದ ಮೇಲಿನ ಮಾತಿದು. ಕತ್ತಿ, ಬಂದೂಕು ಕೊಟ್ಟು ಬಂದ ಗಂಡಸರಿಗೆ ಹೇಳಿಕೊಳ್ಳಲು ಮುಷ್ಟಿಯೊಂದೇ ಉಳಿದಿತ್ತು. ನಮ್ಮ ಮನೆಯ ಕಟ್ಟೆಯ ಮೇಲೆ ದಿನವೂ ಒಂದೇ ವಾದ: ಈ ಸೀಮೆಯ ಪೈಲ್ವಾನರಲ್ಲಿ ಯಾರ ಗುದ್ದು ದೊಡ್ಡದು? ಗರಡಿಗಳಲ್ಲಿ ಹಿಡಿದು ಕೆಡಹುವ ಕುಸ್ತಿಯ ಜೊತೆಗೆ, ಕೈಗೆ ಬಟ್ಟೆ ಸುತ್ತಿಕೊಂಡು ಗುದ್ದಾಡುವ ಆಟವೂ ನಡೆಯುತ್ತಿತ್ತು. ಅದನ್ನು ನೋಡಿದವರೂ ವಾದಿಸುತ್ತಿದ್ದರು, ನೋಡದವರು ಇನ್ನೂ ಜೋರಾಗಿ ವಾದಿಸುತ್ತಿದ್ದರು.

ಅಂದು ರೊಟ್ಟಿ ಪಂಚಮಿ. ಓಣಿಗೆಲ್ಲ ಹಂಚಿ ಗರಡಿಗೂ ಕಳಿಸುವ ರೊಟ್ಟಿ ಬಡಿಯುತ್ತ ನಾನು ಒಳಗಿದ್ದೆ. ಹೊರಗೆ ಕಟ್ಟೆಯ ಮೇಲೆ ನಮ್ಮ ಮಾವ, ಊರ ಗರಡಿಯಲ್ಲಿ ಕಲಿಸುವ ವಸ್ತಾದರು, ಹತ್ತಿ ವ್ಯಾಪಾರಕ್ಕೆಂದು ನರಗುಂದದಿಂದ ಬಂದಿದ್ದ ಒಬ್ಬ ಹಿರಿಯ.

"ಕೊಣ್ಣೂರಾಗ ಒಬ್ಬಾಂವ ಇದ್ದ ನೋಡ್ರಿ," ಎಂದರು ಮಾವ. "ಹಾಯಾಕ ಬಂದ ಕ್ವಾಣದ ಹಣಿಗೆ ಒಂದ ಗುದ್ದು. ಕ್ವಾಣ ಮೊಣಕಾಲೂರಿ ಕುಂತಬಿಡ್ತು."

"ಅದಕ್ಕ ಮದಲ ಹೊಟ್ಟಿಗಿಲ್ಲದ ಸೊರಗಿತ್ತು ಬಿಡ್ರಿ," ವಸ್ತಾದರು ನಕ್ಕರು. "ಗುದ್ದು ಅಂದ್ರ ರಾಜೂರಿನಾಂವಂದು. ಸಿಪ್ಪಿ ಸಮೇತ ತೆಂಗಿನಕಾಯಿ ಒಡೀತಿದ್ದ."

"ಕಾಯೇನು ತಿರುಗಿ ಗುದ್ದತೈತೇನ್ರಿ ವಸ್ತಾದ್ರ?" ಎಂದ ನರಗುಂದದವನು. "ನನ್ನ ತಮ್ಮ ಹನ್ನೊಂದು ಮಂದಿನ ಕೆಡವಿದ್ದ. ಅವನ್ನ ಕೆಡವಿದಾಂವ ಒಬ್ಬನ, ಗಜೇಂದ್ರಗಡದ ಹತ್ತಿ ಜಡಿಯಾಂವ. ಅದೂ ಮೋಸದಿಂದ. ಮುಷ್ಟಿಯೊಳಗ ಕಬ್ಬಿಣ ಹಿಡದಿದ್ದ ಆ ಕಳ್ಳ."

ಚೀಲದಲ್ಲಿ ಹತ್ತಿ ಜಡಿದು ತುಂಬುವ ಆ ಆಳೇ ನನ್ನ ಅಪ್ಪ. ನಾನು ಅವನ ಮಗಳೆಂದು ನರಗುಂದದವನಿಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು. ಮಾವ ಒಮ್ಮೆ ಕೆಮ್ಮಿದರು.

"ನಾಳಿ ಗರಡಿಗೆ ಸುಣ್ಣ ಹಚ್ಚತೀರಲ್ಲ, ಗ್ವಾಡಿ ಮ್ಯಾಲಿನ ಅವನ ಕೈಗುರುತಿಗೂ ಹಚ್ಚಿಬಿಡ್ರಿ," ಎಂದ ನರಗುಂದದವನು.

"ಆತೇಳ್ರಿ. ಹೆಂಗೂ ಅದು ಅರ್ಧ ಉದುರೇತಿ," ಎಂದರು ವಸ್ತಾದರು.

ಗೆದ್ದವನು ಕೈಯ ಬಟ್ಟೆ ಬಿಚ್ಚಿ, ಅಂಗೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಹನುಮಪ್ಪ ದೇವರ ಮಗ್ಗುಲ ಗೋಡೆಗೆ ಒತ್ತುವುದು ಗರಡಿಯ ಪದ್ಧತಿ. ಪ್ರತಿವರ್ಷ ಪಂಚಮಿಗೆ ಸುಣ್ಣ ಬಳಿಯುವಾಗ ಆ ಕೈಗಳನ್ನು ಬಿಟ್ಟು ಬಳಿಯುತ್ತಾರೆ. ಅಪ್ಪ ಗೆದ್ದ ಆ ಗುದ್ದಾಟ ನಡೆದದ್ದು ರೋಣದ ಈ ಗರಡಿಯಲ್ಲೇ; ಅಪ್ಪನದೆಂದು ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಕೈಗುರುತು. ಅದನ್ನು ನಾನು ನೋಡಿರಲಿಲ್ಲ. ಹೆಂಗಸರು ಗರಡಿಯೊಳಗೆ ಕಾಲಿಡುವಂತಿಲ್ಲ.

ರೊಟ್ಟಿಯ ಮೇಲೆ ನನ್ನ ಕೈ ನಿಂತಿತು.

"ಯಾಕ, ಬಡಿಯೂದು ನಿಂತತಲ್ಲ?" ಹೊರಗಿನಿಂದ ಮಾವ ಕೇಳಿದರು. ಯಾಕೆ ನಿಂತಿತೆಂದು ಅವರಿಗೆ ತಿಳಿದಿತ್ತು.

"ಸುಮ್ಕ ಕೂಡು. ಗಂಡಸರ ಮಾತದು," ಅತ್ತೆ ನನ್ನ ಸೆರಗು ಹಿಡಿದರು.

"ಗಂಡಸರ ಮಾತಲ್ರಿ ಅತ್ತಿ, ನಮ್ಮಪ್ಪನ ಮಾತು."

ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟೆ. ಸಿಟ್ಟು ನನ್ನದು, ಅನ್ನ ಶಿವನದು, ಸುಡಬಾರದು. ತಲೆಯ ಮೇಲೆ ಸೆರಗು ಹೊದ್ದು ತಲಬಾಗಿಲಿಗೆ ಬಂದೆ. ಮದುವೆಯಾಗಿ ಬಂದಂದಿನಿಂದ ಮಾವನ ಎದುರು ನಿಂತು ನಾಲ್ಕು ಮಾತು ಆಡಿದವಳಲ್ಲ.

"ಕಳ್ಳ ಅಂದ್ರಲ್ಲ, ನಾನು ಆ ಕಳ್ಳನ ಮಗಳ್ರಿ," ಎಂದೆ. "ಅವತ್ತ ಗರಡಿ ಹೊರಗ ಅವನ ಕೈಗೆ ಬಟ್ಟಿ ಸುತ್ತಿದಾಕಿನೂ ನಾನ. ಹತ್ತು ವರ್ಷದಾಕಿ ಇದ್ದೆ."

ನರಗುಂದದವನು ಮಾವನ ಮುಖ ನೋಡಿದ. "ಏನ್ರಿ ಯಜಮಾನ್ರ, ಸೊಸೀನ ಪಂಚಾಯ್ತಿಗೆ ಕರದೀರೇನು?"

"ಆಕಿನ್ನ ನಾ ಕರದಿಲ್ಲ," ಎಂದರು ಮಾವ, ತಲೆ ಎತ್ತದೆ. "ಬಂದಾಳ. ಕೇಳ್ರಿ."

ಆ ಎರಡು ಮಾತಿಗೆ ಮಾವನನ್ನು ಇಂದಿಗೂ ನೆನೆಯುತ್ತೇನೆ.

ನಾನು ವಸ್ತಾದರ ಕಡೆ ತಿರುಗಿದೆ. "ವಸ್ತಾದ್ರ, ನಾನು ನಿಮ್ಮ ಗರಡಿ ಒಳಗ ಬಂದಾಕಿ ಹೌದೇನು?"

"ಇಲ್ಲವ್ವಾ. ಹೆಂಗ ಬರ್ತಿ?"

"ಹಂಗಾರ ನೋಡ್ರಿ."

ಕೈಗೆ ಜೋಳದ ಹಿಟ್ಟು ಹತ್ತಿತ್ತು. ನಡುಬೆರಳು, ಉಂಗುರಬೆರಳು, ಕಿರುಬೆರಳು ಮೂರನ್ನೂ ಅರ್ಧ ಬಾಗಿಸಿ, ಕರಿ ಬಾಗಿಲಿಗೆ ಅಂಗೈ ಒತ್ತಿ ತೆಗೆದೆ. ಅಂಗೈ ಮೂಡಿತು, ಹೆಬ್ಬೆರಳು, ತೋರುಬೆರಳು ಮೂಡಿದವು. ಉಳಿದ ಮೂರು ಬೆರಳಿನ ಕಡೆ ತುದಿಯ ಮೂರು ಚುಕ್ಕೆ ಮಾತ್ರ.

"ಗ್ವಾಡಿ ಮ್ಯಾಲೆ ಹಿಂಗ ಐತೋ ಇಲ್ಲೋ?"

ವಸ್ತಾದರು ಎದ್ದು ಬಂದು ಬಾಗಿಲ ಹತ್ತಿರ ಬಗ್ಗಿದರು. "ಇದ್ದದ್ದ ಹಿಂಗವ್ವಾ," ಎಂದರು ಮೆಲ್ಲಗೆ. "ನಾ ಮಣ್ಣು ಉದುರೇತಿ ಅಂದ್ಕೊಂಡಿದ್ದೆ."

"ಮಣ್ಣು ಉದುರಿಲ್ರಿ. ಬಟ್ಟಿ ಬಿಚ್ಚಿದಾಗ ಬಾಗಿದ ಬೆರಳು ಕಂಡು ಮಂದಿ ಕೈ ಬಾತೈತಿ ಅಂದ್ರಂತ, ಬಾತೂ ಇರಲಿಲ್ಲ. ನಾ ಹುಟ್ಟೂಕಿಂತ ಮದಲ ಗಾಡಿ ಗಾಲಿ ಆ ಕೈ ಮ್ಯಾಲೆ ಹಾದಿತ್ತು. ಎರಿ ಮಣ್ಣು ಮೆತ್ತಗಿತ್ತು, ಶಿವ ಕೈ ಉಳಿಸಿದ. ಮೂರು ಬೆರಳು ಮಾತ್ರ ಹಂಗ ನಿಂತುವು, ಬಿಚ್ಚಾಕೂ ಇಲ್ಲ, ಮುಚ್ಚಾಕೂ ಇಲ್ಲ. ಮುಷ್ಟಿನ ಕಟ್ಟಾಕ ಬರದಾಂವ ಮುಷ್ಟಿಯೊಳಗ ಕಬ್ಬಿಣ ಹೆಂಗ ಹಿಡೀತಾನ್ರಿ?"

ಇವರೆಲ್ಲ ಬಟ್ಟೆ ಸುತ್ತಿದ ಕೈಯನ್ನು ದೂರದಿಂದ ಕಂಡು, ಅದರೊಳಗೆ ಮುಷ್ಟಿಯಿದೆ ಎಂದುಕೊಂಡೇ ಇಷ್ಟು ವರ್ಷ ವಾದಿಸಿದ್ದರು. ಅಪ್ಪ ಹೊಡೆದದ್ದು ಅಂಗೈಯ ಬುಡದಿಂದ ಎಂದೂ ಹೇಳಿದೆ. ದೊಡ್ಡ ಚೀಲದೊಳಗೆ ಇಳಿದು ಹತ್ತಿ ತುಳಿಯುವಾಗ ಮೂಲೆಗಳಿಗೆ ಕಾಲು ಹೋಗುವುದಿಲ್ಲ, ಅಲ್ಲಿ ಕೈಯಿಂದಲೇ ಜಡಿಯಬೇಕು. ಇಪ್ಪತ್ತು ವರ್ಷ ಹಾಗೆ ಜಡಿದ ಕೈ ಅದು.

"ಹಂಗಾರ ಅದು ಗುದ್ದ ಅಲ್ಲ, ಬರೇ ಏಟು," ಎಂದ ನರಗುಂದದವನು. "ಗುದ್ದಿನಾಗ ಅವನ ಹೆಸರು ಬರೂದಿಲ್ಲ."

ನನಗೆ ನಗು ಬಂತು. "ಬ್ಯಾಡ ಬಿಡ್ರಿ. ನಿಮ್ಮ ಗುದ್ದು ನೀವ ಇಟ್ಕೋರಿ. ನಿಮ್ಮ ತಮ್ಮಾರು ಕೆಳಗ ಬಿದ್ದದ್ದಂತೂ ಖರೇ ಹೌದಲ್ರಿ? ವಸ್ತಾದ್ರ, ಗ್ವಾಡಿ ಮ್ಯಾಲಿನ ಕೈಗೆ ಸುಣ್ಣ ಹಚ್ಚಿದ್ರ, ಈ ಓಣ್ಯಾಗಿನ ರೊಟ್ಟಿ ಗರಡಿಗೆ ಬರೂದಿಲ್ಲ. ಅಷ್ಟ ನಾ ಹೇಳೂದು."

ಓಣಿಯ ಪರವಾಗಿ ಮಾತಾಡಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಒಳಗೆ ಬಂದಾಗ ಅತ್ತೆ ಬೈಯುತ್ತಾರೆಂದುಕೊಂಡೆ. ಅವರು ನನ್ನ ಜಾಗದಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. "ಓಣಿ ರೊಟ್ಟಿ ಅಂದಿ, ನನ್ನ ಕೇಳಿದ್ದೇನು?" ಎಂದರು. ಮತ್ತೆ ಎರಡು ಬಡಿದು, "ಕೇಳಿದ್ರ ಹೂಂ ಅಂತಿದ್ದೆ," ಎಂದರು.

ಮರುದಿನ ಬೆಳಿಗ್ಗೆ ರೊಟ್ಟಿಯ ಬುಟ್ಟಿ ಹೊತ್ತು ನಾನೇ ಗರಡಿಯ ಬಾಗಿಲ ತನಕ ಹೋದೆ. ಬಾಗಿಲು ಗಿಡ್ಡ, ಒಳಗೆ ಕತ್ತಲೆ. ಸುಣ್ಣ ಬಳಿಯುತ್ತಿದ್ದವರು ನನ್ನನ್ನು ಕಂಡು ಕೈ ನಿಲ್ಲಿಸಿದರು. ವಸ್ತಾದರು ಹನುಮಪ್ಪನ ಮುಂದಿನ ದೀಪ ಎತ್ತಿ ಗೋಡೆಗೆ ಹಿಡಿದರು.

ಹೊಸ ಬಿಳಿಯ ನಡುವೆ ಅಪ್ಪನ ಕೈ ಕೆಂಪಗೆ ಇತ್ತು, ಮೂರು ಚುಕ್ಕೆಯ ಸಮೇತ. ನಾನಂದುಕೊಂಡದ್ದಕ್ಕಿಂತ ಸಣ್ಣ ಕೈ.

ಹನುಮಪ್ಪನ ಕಟ್ಟಳೆ ಮೀರಬಾರದೆಂದು ಹೊಸ್ತಿಲು ದಾಟಲಿಲ್ಲ. ಆದರೆ ಬಾಗಿಲು ಬಿಟ್ಟು ಸರಿಯಲೂ ಇಲ್ಲ. ಒಳಗಿದ್ದವರು ಹೊರಗೆ ಬರಲು ಕಾದು ನಿಂತರು. ನಿಲ್ಲಲಿ ಎಂದು ಕಣ್ತುಂಬ ನೋಡಿಯೇ ಬಂದೆ.